ಕ್ಯೋಸೆರಾ ಕಟ್ಟಿದರು, ಆಮೇಲೆ ದೀಕ್ಷೆ ಪಡೆದರು: ಇನಾಮೊರಿಗೆ ವಿಶ್ವವಿದ್ಯಾಲಯಗಳು ಗೌರವ ಕೊಟ್ಟಿದ್ದು ಯಾವುದಕ್ಕೆ?

1997ರ ನವೆಂಬರ್. ಜಪಾನಿನ ಕ್ಯೋಟೊ ಸೀಮೆಯಲ್ಲಿ ಚಳಿ ಶುರುವಾಗಿತ್ತು. ಬೋಳಿಸಿದ ತಲೆಯ ಮೇಲೆ ಬಿದಿರಿನ ಟೋಪಿ, ಮೈಮೇಲೆ ಕಡುನೀಲಿ ಹತ್ತಿಯ ನಿಲುವಂಗಿ, ಕಾಲಿಗೆ ಹುಲ್ಲಿನ ಚಪ್ಪಲಿ ಹಾಕಿಕೊಂಡ 65 ವರ್ಷದ ಒಬ್ಬರು ಮನೆಮನೆ ಮುಂದೆ ನಿಂತು ಭಿಕ್ಷೆ ಬೇಡುತ್ತಿದ್ದರು. ಚಪ್ಪಲಿಯಿಂದ ಹೊರಚಾಚಿದ ಬೆರಳುಗಳು ಡಾಂಬರಿಗೆ ಉಜ್ಜಿ ರಕ್ತ ಬರುತ್ತಿತ್ತು. ನಡೆದು ನಡೆದು ಸುಸ್ತಾಗಿ ಮಠಕ್ಕೆ ವಾಪಸಾಗುವಾಗ ಒಂದು ಪಾರ್ಕ್ ಸಿಕ್ಕಿತು. ಅಲ್ಲಿ ಉದುರಿದ ಎಲೆ ಗುಡಿಸುತ್ತಿದ್ದ ವಯಸ್ಸಾದ ಹೆಂಗಸೊಬ್ಬರು, ಕೈಯಲ್ಲಿ ಪೊರಕೆ ಹಿಡಿದುಕೊಂಡೇ ಓಡಿ ಬಂದರು. ಜೋಳಿಗೆಗೆ 500 ಯೆನ್ ನಾಣ್ಯ ಒಂದನ್ನು ಮೆಲ್ಲಗೆ ಹಾಕಿ ಹೋದರು.

ಆ ಕ್ಷಣದಲ್ಲಿ ಮೈಯೆಲ್ಲ ಸಂತೋಷ ತುಂಬಿಕೊಂಡಿತು ಎಂದು ಭಿಕ್ಷೆ ಪಡೆದವರು ಆಮೇಲೆ ಬರೆದುಕೊಂಡಿದ್ದಾರೆ. ಅವರ ಹೆಸರು ಕಝುವೊ ಇನಾಮೊರಿ. ಕ್ಯೋಸೆರಾ ಎಂಬ ದೊಡ್ಡ ಸೆರಾಮಿಕ್ ಮತ್ತು ಎಲೆಕ್ಟ್ರಾನಿಕ್ಸ್ ಕಂಪನಿ ಕಟ್ಟಿದವರು. ಜಪಾನಿನ ದೊಡ್ಡ ಫೋನ್ ಕಂಪನಿಗಳಲ್ಲೊಂದಾದ ಕೆಡಿಡಿಐಗೆ ಬುನಾದಿ ಹಾಕಿದವರೂ ಅವರೇ. ಆ ವರ್ಷದ ಸೆಪ್ಟೆಂಬರಿನಲ್ಲಷ್ಟೇ ಅವರು ಎನ್ಪುಕುಜಿ ಎಂಬ ಝೆನ್ ಬೌದ್ಧ ಮಠದಲ್ಲಿ ದೀಕ್ಷೆ ಪಡೆದಿದ್ದರು.

ಇವತ್ತು ಅಮೆರಿಕದ ಎರಡು ವಿಶ್ವವಿದ್ಯಾಲಯಗಳಲ್ಲಿ ಇನಾಮೊರಿ ಹೆಸರು ಗೋಡೆಯ ಮೇಲಿದೆ. ಒಂದು ಕಡೆ ಇಂಜಿನಿಯರಿಂಗ್ ಶಾಲೆಗೆ, ಇನ್ನೊಂದು ಕಡೆ ನೀತಿಯನ್ನು ಕಲಿಸುವ ಕೇಂದ್ರಕ್ಕೆ. ಜಪಾನಿನಲ್ಲಂತೂ ಹಲವು ಕಡೆ ಇದೆ. ದುಡ್ಡು ಮಾಡಿದವರಿಗೆ, ದೀಕ್ಷೆ ಪಡೆದವರಿಗೆ ವಿಶ್ವವಿದ್ಯಾಲಯ ಗೌರವ ಕೊಟ್ಟಾಗ ನಮ್ಮಲ್ಲೂ ಮೊದಲು ಬರುವ ಮಾತು ಒಂದೇ. "ಇದು ಯಾವುದಕ್ಕೆ? ದುಡ್ಡಿಗಾ, ದೀಕ್ಷೆಗಾ, ಕೆಲಸಕ್ಕಾ?" ಇನಾಮೊರಿ ವಿಷಯದಲ್ಲಿ ಇದಕ್ಕೆ ಒಂದೇ ಉತ್ತರ ಇಲ್ಲ. ಎರಡು ಗೌರವಗಳನ್ನು ಬೇರೆ ಬೇರೆಯಾಗಿಯೇ ತೂಗಬೇಕು ಎಂಬುದು ನನ್ನ ವಾದ. ಒಂದು ನನಗೆ ಪೂರ್ತಿ ಒಪ್ಪಿಗೆ. ಇನ್ನೊಂದನ್ನು ಪ್ರಶ್ನೆ ಕೇಳಿಯೇ ಒಪ್ಪಬೇಕು.

ಮೊದಲು ಮನುಷ್ಯನ ಬಗ್ಗೆ ಸ್ವಲ್ಪ. 1932ರಲ್ಲಿ ಜಪಾನಿನ ದಕ್ಷಿಣದ ತುದಿಯ ಕಾಗೊಶಿಮಾ ಊರಿನಲ್ಲಿ ಹುಟ್ಟಿದರು. ಅಪ್ಪನದು ಪ್ರಿಂಟಿಂಗ್ ಕೆಲಸ. ಊರಿನ ಒಳ್ಳೆಯ ಮಿಡ್ಲ್ ಸ್ಕೂಲಿನ ಪ್ರವೇಶ ಪರೀಕ್ಷೆಯಲ್ಲಿ ಎರಡು ಸಲ ಫೇಲಾದರು. ಅದೇ ಸುಮಾರಿಗೆ ಕ್ಷಯ ಬಂತು. ಆ ಮನೆತನದಲ್ಲಿ ಚಿಕ್ಕಪ್ಪಂದಿರು ಅದೇ ರೋಗದಿಂದ ತೀರಿಕೊಂಡಿದ್ದರು. ಹಾಸಿಗೆಯಲ್ಲಿ ಮಲಗಿದ್ದ ಹುಡುಗನಿಗೆ ಪಕ್ಕದ ಮನೆಯವರು ಒಂದು ಧಾರ್ಮಿಕ ಪುಸ್ತಕ ಓದಲು ಕೊಟ್ಟರು. ಮನಸ್ಸಿನಲ್ಲಿ ಇರುವುದೇ ಬದುಕಿನಲ್ಲಿ ಬರುತ್ತದೆ ಎಂಬ ನಂಬಿಕೆ ಅಲ್ಲಿಂದಲೇ ಶುರುವಾಯಿತು. 1945ರ ಬಾಂಬ್ ದಾಳಿಯಲ್ಲಿ ಮನೆಯೂ ಹೋಯಿತು.

ಒಸಾಕಾ ವಿಶ್ವವಿದ್ಯಾಲಯದಲ್ಲಿ ಓದುವ ಆಸೆ ಇತ್ತು. ಸೀಟು ಸಿಗಲಿಲ್ಲ. ಕೊನೆಗೆ ಊರಿನದೇ ಆದ ಕಾಗೊಶಿಮಾ ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ರಸಾಯನಶಾಸ್ತ್ರ ಓದಿ 1955ರಲ್ಲಿ ಹೊರಬಂದರು. ಕೆಲಸ ಸಿಕ್ಕಿದ್ದು ಕ್ಯೋಟೊದಲ್ಲಿ, ವಿದ್ಯುತ್ ಕಂಬಕ್ಕೆ ಹಾಕುವ ಪಿಂಗಾಣಿ ಇನ್ಸುಲೇಟರ್ ಮಾಡುವ ಒಂದು ನಷ್ಟದ ಕಂಪನಿಯಲ್ಲಿ. ಸಂಬಳ ಸರಿಯಾದ ದಿನಕ್ಕೆ ಬರುತ್ತಿರಲಿಲ್ಲ. ಜೊತೆಗೆ ಸೇರಿದ ಗೆಳೆಯರು ಒಬ್ಬೊಬ್ಬರಾಗಿ ಬಿಟ್ಟು ಹೋದರು. ಇವರು ಪಾತ್ರೆ, ಒಲೆ, ಹಾಸಿಗೆ ತಂದು ಪ್ರಯೋಗಶಾಲೆಯಲ್ಲೇ ಬಿಡಾರ ಹೂಡಿದರು.

ಅಲ್ಲಿ ನಡೆದ ಒಂದು ಸಂಗತಿ ಹತ್ತಿರದಿಂದ ನೋಡಬೇಕಾದದ್ದು. ಆಗ ಟಿವಿ ಪಿಕ್ಚರ್ ಟ್ಯೂಬಿನ ಒಳಗೆ ಹಾಕುವ ಚಿಕ್ಕ ಇನ್ಸುಲೇಟರ್ ಬೇಕಾಗಿತ್ತು. ಫಾರ್ಸ್ಟರೈಟ್ ಎಂಬ ಪುಡಿಯಿಂದ ಅದನ್ನು ಮಾಡಬಹುದಿತ್ತು. ತೊಂದರೆ ಏನೆಂದರೆ ಪುಡಿ ಅಂಟಿಕೊಳ್ಳುತ್ತಿರಲಿಲ್ಲ. ನಮ್ಮ ಕುಂಬಾರರಿಗೆ ಜೇಡಿಮಣ್ಣು ಸಿಗುತ್ತದೆ, ಅದು ತಾನೇ ಹದಕ್ಕೆ ಬರುತ್ತದೆ. ಇಲ್ಲಿ ಮಣ್ಣು ಸೇರಿಸಿದರೆ ಸುಟ್ಟ ಮೇಲೆ ಕಲ್ಮಶ ಉಳಿದುಬಿಡುತ್ತಿತ್ತು. ಇದನ್ನೇ ಯೋಚಿಸುತ್ತಾ ನಡೆಯುವಾಗ ಯಾರೋ ಅಲ್ಲಿಟ್ಟಿದ್ದ ಮೇಣ ಇನಾಮೊರಿ ಬೂಟಿಗೆ ಅಂಟಿತು. ಮೊದಲು ಸಿಟ್ಟು ಬಂತು. ಮರುಕ್ಷಣ ಹೊಳೆಯಿತು. ಪುಡಿಗೆ ಮೇಣ ಬೆರೆಸಿ ಅಚ್ಚಿಗೆ ಹಾಕಿದರೆ ಆಕಾರ ನಿಲ್ಲುತ್ತದೆ. ಕುಲುಮೆಯಲ್ಲಿ ಮೇಣ ಪೂರ್ತಿ ಉರಿದು ಹೋಗುತ್ತದೆ. ಹಿಂದೆ ಏನೂ ಉಳಿಯುವುದಿಲ್ಲ. ಈ ಉಪಾಯದ ಹಿಂದೆ ಎಷ್ಟು ತಿಂಗಳ ತಲೆಬಿಸಿ ಇತ್ತು ಎನ್ನುವುದನ್ನು ಕುಲುಮೆ ಮುಂದೆ ಕೂತವರಷ್ಟೇ ಬಲ್ಲರು.

ಮೇಲಿನವರೊಡನೆ ಜಗಳವಾಗಿ ಇನಾಮೊರಿ ಆ ಕಂಪನಿ ಬಿಟ್ಟರು. 1959ರ ಏಪ್ರಿಲ್ 1ಕ್ಕೆ 28 ಜನ ಸೇರಿ 30 ಲಕ್ಷ ಯೆನ್ ಬಂಡವಾಳದಲ್ಲಿ ಕ್ಯೋಟೊ ಸೆರಾಮಿಕ್ ಶುರು ಮಾಡಿದರು. ಇದೇ ಮುಂದೆ ಕ್ಯೋಸೆರಾ ಆಯಿತು. ಹಿತೈಷಿಯೊಬ್ಬರು ತಮ್ಮ ಮನೆಯನ್ನೇ ಅಡ ಇಟ್ಟು ಕಂಪನಿಗೆ ಸಾಲ ಕೊಡಿಸಿದ್ದರು. 1966ರ ಹೊತ್ತಿಗೆ ಐಬಿಎಂ ಕಂಪನಿಯೇ ತನ್ನ ಕಂಪ್ಯೂಟರಿಗೆ ಬೇಕಾದ ಸೆರಾಮಿಕ್ ಬಿಲ್ಲೆಗಳಿಗೆ ಇವರ ಬಾಗಿಲಿಗೆ ಬಂತು.

ಇದನ್ನೆಲ್ಲ ಹೇಳಿದ್ದು ಮೊದಲ ಗೌರವದ ಕಾರಣಕ್ಕೆ. ನ್ಯೂಯಾರ್ಕ್ ರಾಜ್ಯದ ಪಶ್ಚಿಮಕ್ಕೆ ಆಲ್ಫ್ರೆಡ್ ಎಂಬ ಚಿಕ್ಕ ಊರು ಇದೆ. ಅಲ್ಲಿನ ವಿಶ್ವವಿದ್ಯಾಲಯ ಸೆರಾಮಿಕ್ ವಿದ್ಯೆಗೆ ಹೆಸರುವಾಸಿ. 1900ರಿಂದಲೇ ಅಲ್ಲಿ ಮಣ್ಣು, ಗಾಜು, ಕುಲುಮೆಯ ಪಾಠ ನಡೆಯುತ್ತಿದೆ. ಆ ವಿಶ್ವವಿದ್ಯಾಲಯ 1988ರಲ್ಲಿ ಇನಾಮೊರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಗಮನಿಸಿ, ಇದು ದೀಕ್ಷೆಗೆ 9 ವರ್ಷ ಮೊದಲು. 2005ರಲ್ಲಿ ಇಂಜಿನಿಯರಿಂಗ್ ಶಾಲೆಗೇ ಅವರ ಹೆಸರಿಟ್ಟಿತು. ಇನಾಮೊರಿ ಕಡೆಯಿಂದ ಆ ವಿಶ್ವವಿದ್ಯಾಲಯಕ್ಕೆ ದುಡ್ಡು ಬಂದಿದೆ ನಿಜ. ಆದರೂ ನನಗೆ ಇಲ್ಲಿ ತಕರಾರಿಲ್ಲ. ಸೆರಾಮಿಕ್ ಕಲಿಸುವವರು ಸೆರಾಮಿಕ್ಕಿನಲ್ಲಿ ಕೈ ಸುಟ್ಟುಕೊಂಡು ಕಲಿತವರನ್ನು ಗುರುತಿಸಿದ್ದಾರೆ. ಅವರ ಕೆಲಸ ಸಾಚಾನೋ ಅಲ್ಲವೋ ಎಂದು ಅಳೆಯುವ ವಿದ್ಯೆ ಆ ಪ್ರಾಧ್ಯಾಪಕರ ಕೈಯಲ್ಲೇ ಇದೆ. ಒಂದು ವಿಶ್ವವಿದ್ಯಾಲಯ ತನಗೆ ಗೊತ್ತಿರುವ ವಿಷಯದಲ್ಲಿ ಗೌರವ ಕೊಟ್ಟರೆ ಆ ಗೌರವಕ್ಕೆ ತೂಕ ಇರುತ್ತದೆ.

ಎರಡನೆಯದು ಅಷ್ಟು ಸುಲಭ ಅಲ್ಲ. ಅದಕ್ಕೆ ಮೊದಲು ಅವರು ಎಂಥ ಧಾರ್ಮಿಕ ನಾಯಕ ಎಂದು ತಿಳಿಯಬೇಕು.

ನಮ್ಮಲ್ಲಿ ಸನ್ಯಾಸ ಎಂದರೆ ಮನೆ ಬಿಡುವುದು. ಜಪಾನಿನಲ್ಲಿ ಹಾಗಲ್ಲ. 1872ರಲ್ಲಿ ಮೇಜಿ ಸರ್ಕಾರ ಬೌದ್ಧ ಅರ್ಚಕರು ಮದುವೆಯಾಗಬಹುದು, ಮಾಂಸ ತಿನ್ನಬಹುದು, ಕೂದಲು ಬಿಡಬಹುದು ಎಂದು ಆಜ್ಞೆ ಹೊರಡಿಸಿತು. ಅಲ್ಲಿಂದೀಚೆಗೆ ಅಲ್ಲಿನ ಬಹುಪಾಲು ಅರ್ಚಕರು ಸಂಸಾರಿಗಳು. ಹಾಗಾಗಿ ಇನಾಮೊರಿ ದೀಕ್ಷೆ ಪಡೆದರೂ ಹೆಂಡತಿ ಮಕ್ಕಳನ್ನು ಬಿಡಲಿಲ್ಲ. ಕಂಪನಿಯ ನಂಟನ್ನೂ ಪೂರ್ತಿ ಕಡಿದುಕೊಳ್ಳಲಿಲ್ಲ, ಗೌರವಾಧ್ಯಕ್ಷರಾಗಿ ಉಳಿದರು. ದೀಕ್ಷೆಗೆ ಸ್ವಲ್ಪ ಮೊದಲು ಹೊಟ್ಟೆಯ ಕ್ಯಾನ್ಸರಿಗೆ ಆಪರೇಷನ್ ಆಗಿತ್ತು. ಅದರಿಂದ ಚೇತರಿಸಿಕೊಂಡು ತಲೆ ಬೋಳಿಸಿಕೊಂಡರು. ದಾಯ್ವಾ ಎಂಬ ದೀಕ್ಷಾನಾಮ ಪಡೆದರು.

ಆದರೆ ಅವರನ್ನು ಜನ ಗುರು ಎಂದು ನೋಡಲು ಶುರು ಮಾಡಿದ್ದು ಮಠದಿಂದ ಅಲ್ಲ, ಕಂಪನಿಯಿಂದಲೇ. 1961ರಲ್ಲಿ ಕಂಪನಿಯ 11 ಹುಡುಗರು ರಕ್ತದಲ್ಲಿ ಬೆರಳೊತ್ತಿದ ಮನವಿ ಹಿಡಿದು ಬಂದಿದ್ದರು. ವರ್ಷ ವರ್ಷ ಸಂಬಳ ಏರಿಸುವ ಮಾತು ಕೊಡಿ, ಇಲ್ಲದಿದ್ದರೆ ಬಿಡುತ್ತೇವೆ ಎಂದರು. ಇನಾಮೊರಿ ಅವರನ್ನು ಮನೆಗೆ ಕರೆದು ಮೂರು ದಿನ ಮಾತಾಡಿದರು. ಹುಡುಗರು ಉಳಿದರು. ನನ್ನ ತಂತ್ರಜ್ಞಾನವನ್ನು ಜಗತ್ತಿಗೆ ತೋರಿಸುವುದಕ್ಕೆ ಕಂಪನಿ ಎಂದುಕೊಂಡಿದ್ದವರಿಗೆ, ಬೇರೆಯವರ ಮಕ್ಕಳು ಇಡೀ ಬದುಕನ್ನು ನನ್ನ ಮೇಲೆ ಒರಗಿಸಿದ್ದಾರೆ ಎಂದು ಅವತ್ತು ಅರಿವಾಯಿತು. ನೌಕರರೆಲ್ಲರ ಹೊಟ್ಟೆ ಮತ್ತು ಮನಸ್ಸು ಎರಡರ ನೆಮ್ಮದಿ ಕಂಪನಿಯ ಮೊದಲ ಗುರಿ ಎಂದು ಅವರು ಬರೆದಿಟ್ಟಿದ್ದು ಆಮೇಲೆ. ಷೇರುದಾರರ ಲಾಭ ಎಂಬ ಮಾತು ಆ ಸಾಲಿನಲ್ಲಿ ಇಲ್ಲ.

ಕೆಲಸವೇ ಸಾಧನೆ ಎನ್ನುವ ಅವರ ಮಾತು ಕನ್ನಡದವರಿಗೆ ಹೊಸದಲ್ಲ. ಕಾಯಕ, ದಾಸೋಹ ಎಂಬ ಎರಡು ಪದ ನಮ್ಮ ಮನೆಮಾತಿನಲ್ಲೇ ಇವೆ. ಆಯ್ದಕ್ಕಿ ಲಕ್ಕಮ್ಮ ಗಂಡ ಜಾಸ್ತಿ ಆಯ್ದು ತಂದ ಅಕ್ಕಿಯನ್ನು ವಾಪಸ್ ಸುರಿದು ಬನ್ನಿ ಎಂದ ಕತೆ ಗೊತ್ತಲ್ವಾ. 1984ರಲ್ಲಿ ಫೋನ್ ವ್ಯವಹಾರಕ್ಕೆ ಇಳಿಯುವ ಮುನ್ನ ಇನಾಮೊರಿ ಆರು ತಿಂಗಳು ದಿನಾ ರಾತ್ರಿ ತಮ್ಮನ್ನೇ ಕೇಳಿಕೊಂಡರಂತೆ: ಉದ್ದೇಶ ಒಳ್ಳೆಯದೇ? ಒಳಗೆ ಸ್ವಾರ್ಥ ಇಲ್ಲವೇ? ಇದರ ಜೊತೆ, 1983ರಲ್ಲಿ ಕ್ಯೋಟೊದ ಕೆಲವು ಯುವ ಉದ್ಯಮಿಗಳಿಗೆ ಅಂತ ಶುರುವಾದ ಸೇಯ್ವಾಜುಕು ಎಂಬ ಪಾಠಶಾಲೆ ದೇಶವಿದೇಶಕ್ಕೆ ಹಬ್ಬಿತು. 2019ರ ಕೊನೆಗೆ ಅದನ್ನು ಅವರೇ ಮುಚ್ಚಿದಾಗ ಸುಮಾರು 15 ಸಾವಿರ ಸದಸ್ಯರಿದ್ದರು. ಶಿಷ್ಯವರ್ಗ ಎಂದರೆ ಇದೇ.

ಇಲ್ಲೇ ನನ್ನ ಮೊದಲ ಅಳುಕು. 1985ರಲ್ಲಿ ಕ್ಯೋಸೆರಾ ಸರ್ಕಾರದ ಅನುಮತಿ ಇಲ್ಲದೆ ಕೃತಕ ಕೀಲುಗಳನ್ನು ಮಾರಿದ್ದಕ್ಕೆ ದೊಡ್ಡ ಗದ್ದಲವಾಯಿತು. ಪತ್ರಿಕೆಗಳಲ್ಲಿ ದಿನವೂ ಅದೇ ಸುದ್ದಿ. ಇನಾಮೊರಿ ನೊಂದು, ಮುಂದೆ ತಮಗೆ ದೀಕ್ಷೆ ಕೊಡಲಿದ್ದ ನಿಶಿಕಾಟ ತಾನ್ಸೆತ್ಸು ಅವರ ಬಳಿ ಹೋದರು. ಆ ಹಿರಿಯರು ಚಹಾ ಮಾಡಿಕೊಟ್ಟು ಹೇಳಿದ ಮಾತಿನ ಸಾರ ಇಷ್ಟು: ಬದುಕಿರುವುದರಿಂದಲೇ ಕಷ್ಟ, ಹಳೆಯ ಕರ್ಮ ಇಷ್ಟರಲ್ಲೇ ಕಳೆಯಿತು ಎಂದು ಸಂತೋಷಪಡು. ನೊಂದ ಮನುಷ್ಯನಿಗೆ ಇದು ದೊಡ್ಡ ಸಮಾಧಾನ. ನಮ್ಮಜ್ಜಿಯೂ ಇದನ್ನೇ ಹೇಳುತ್ತಿದ್ದರು. ಆದರೆ ಅನುಮತಿ ಯಾಕೆ ತೆಗೆದುಕೊಳ್ಳಲಿಲ್ಲ ಎಂಬ ಪ್ರಶ್ನೆಗೆ ಇದು ಉತ್ತರ ಅಲ್ಲ. ಆ ಕೀಲು ಹಾಕಿಸಿಕೊಂಡವರ ಲೆಕ್ಕ ಬೇರೆ. ಧರ್ಮ ಒಳಗಿನ ನೋವಿಗೆ ಮದ್ದು ಕೊಡಬಲ್ಲದು, ಹೊರಗಿನ ಜವಾಬು ಬೇರೆಯೇ ಇರಬೇಕು. ಈ ಎರಡನ್ನು ಬೇರೆ ಬೇರೆ ಇಡುವುದು ವಿಶ್ವವಿದ್ಯಾಲಯದ ಕೆಲಸ.

ಈಗ ಎರಡನೆಯ ಗೌರವ. ಅಮೆರಿಕದ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡಿನಲ್ಲಿ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ ಇದೆ. 2006ರಲ್ಲಿ ಇನಾಮೊರಿ ಪ್ರತಿಷ್ಠಾನ ಅಲ್ಲಿಗೆ 1 ಕೋಟಿ ಡಾಲರ್ ಕೊಟ್ಟಿತು. ನೀತಿ ಮತ್ತು ಉತ್ಕೃಷ್ಟತೆಗಾಗಿ ಒಂದು ಕೇಂದ್ರ ಎದ್ದಿತು, ಇನಾಮೊರಿ ಹೆಸರಿನಲ್ಲೇ. 2008ರಿಂದ ಆ ಕೇಂದ್ರ ಒಂದು ನೀತಿ ಪ್ರಶಸ್ತಿಯನ್ನೂ ಕೊಡುತ್ತಿದೆ. ಮೊದಲು ಪಡೆದವರು ಮನುಷ್ಯನ ವಂಶವಾಹಿಗಳನ್ನು ಓದಿದ ಮಾನವ ಜೀನೋಮ್ ಯೋಜನೆಯನ್ನು ಮುನ್ನಡೆಸಿದ ಫ್ರಾನ್ಸಿಸ್ ಕಾಲಿನ್ಸ್. 2014ರಲ್ಲಿ ಕಾಂಗೊ ದೇಶದ ವೈದ್ಯ ಡೆನಿಸ್ ಮುಕ್ವೆಗೆ ಅವರಿಗೆ ಸಿಕ್ಕಿತು. ಯುದ್ಧದಲ್ಲಿ ಅತ್ಯಾಚಾರಕ್ಕೆ ಸಿಕ್ಕಿದ ಹೆಂಗಸರಿಗೆ ಚಿಕಿತ್ಸೆ ಕೊಟ್ಟವರು ಅವರು. ನಾಲ್ಕು ವರ್ಷದ ನಂತರ ಅವರಿಗೆ ನೊಬೆಲ್ ಬಂತು. ಆಯ್ಕೆ ಚೆನ್ನಾಗಿದೆ, ಅನುಮಾನವೇ ಇಲ್ಲ.

ಆದರೂ ಸೆರಾಮಿಕ್ ಬೇರೆ, ನೀತಿ ಬೇರೆ. ಸೆರಾಮಿಕ್ ಬಿಲ್ಲೆ ಬಿರುಕು ಬಿಟ್ಟಿದೆಯೋ ಇಲ್ಲವೋ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ನೀತಿಗೆ ಅಂಥ ಉಪಕರಣ ಇಲ್ಲ. ಒಬ್ಬರ ಹೆಸರನ್ನು ನೀತಿ ಕೇಂದ್ರಕ್ಕೆ ಇಟ್ಟಾಗ, ಅವರ ಬದುಕೇ ಒಂದು ಮಾದರಿ ಎಂದು ವಿಶ್ವವಿದ್ಯಾಲಯ ಹೇಳಿದ ಹಾಗಾಗುತ್ತದೆ. ಅದೂ ಆ ವ್ಯಕ್ತಿ ಇನ್ನೂ ಬದುಕಿರುವಾಗ, ದೊಡ್ಡ ತೀರ್ಮಾನಗಳನ್ನು ಇನ್ನೂ ತೆಗೆದುಕೊಳ್ಳಬೇಕಿರುವಾಗ. 2006ರಲ್ಲಿ ಇನಾಮೊರಿ ಮುಂದೆ ಅಂಥ ದೊಡ್ಡ ತೀರ್ಮಾನ ಒಂದು ಬಾಕಿ ಇತ್ತು.

2010ರ ಜನವರಿ 19. ಜಪಾನ್ ಏರ್‌ಲೈನ್ಸ್ ದಿವಾಳಿ ಅರ್ಜಿ ಹಾಕಿತು. ಸಾಲ ಸುಮಾರು 2.3 ಲಕ್ಷ ಕೋಟಿ ಯೆನ್. ಸರ್ಕಾರ ಇನಾಮೊರಿಯನ್ನು ಕರೆಯಿತು. ಅವರಿಗೆ ಆಗ 78 ವರ್ಷ. ವಿಮಾನದ ವ್ಯವಹಾರ ಗೊತ್ತಿರಲಿಲ್ಲ. ಸಂಬಳ ಬೇಡ ಎಂದು ಹೇಳಿ ಫೆಬ್ರುವರಿ 1ಕ್ಕೆ ಅಧ್ಯಕ್ಷರಾದರು. ಮಾಡಿದ ಕೆಲಸ ಎರಡು ಬಗೆಯದು. ಒಂದು, ಲೆಕ್ಕ. ಅಮೀಬಾ ಎಂದು ಅವರು ಕರೆಯುತ್ತಿದ್ದ ಪದ್ಧತಿಯಲ್ಲಿ ಕಂಪನಿಯನ್ನು ಚಿಕ್ಕ ಚಿಕ್ಕ ಗುಂಪುಗಳಾಗಿ ಒಡೆದು, ಪ್ರತಿ ಗುಂಪಿಗೂ ತನ್ನ ಖರ್ಚು ಮತ್ತು ಗಳಿಕೆ ತಿಂಗಳು ತಿಂಗಳು ಗೊತ್ತಾಗುವ ಹಾಗೆ ಮಾಡಿದರು. ವಿಮಾನ ರಿಪೇರಿ ಮಾಡುವವರಿಗೂ ಕೈಯಲ್ಲಿರುವ ಬಿಡಿಭಾಗದ ಬೆಲೆ ತಿಳಿಯಿತು. ಇನ್ನೊಂದು, ಪಾಠ. ಮನುಷ್ಯನಾಗಿ ಯಾವುದು ಸರಿ ಎಂದು ಕೇಳಿಕೊಳ್ಳಿ ಎಂದು ಹಿರಿಯ ಅಧಿಕಾರಿಗಳನ್ನೇ ಮೊದಲು ಕೂರಿಸಿ ಹೇಳಿದರು. ಇಂಥ ಮಾತು ನಮಗ್ಯಾಕೆ ಎಂದು ಶುರುವಿನಲ್ಲಿ ಮುಖ ಸಿಂಡರಿಸಿದವರೇ ಜಾಸ್ತಿ. ಪಾಠದ ಕೊನೆಗೆ ಎಲ್ಲರೂ ಸ್ವಲ್ಪ ದುಡ್ಡು ಹಾಕಿ, ಬಿಯರ್ ತರಿಸಿ, ನೆಲದ ಮೇಲೆ ಕೂತು ಮಾತಾಡುತ್ತಿದ್ದರು. ಅಲ್ಲಿ ಮನಸ್ಸು ಬಿಚ್ಚಿಕೊಂಡಿತು.

2012ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಕಂಪನಿಯ ಕಾರ್ಯಾಚರಣೆ ಲಾಭ 20 ಸಾವಿರ ಕೋಟಿ ಯೆನ್ ದಾಟಿತು. ಅದೇ ಸೆಪ್ಟೆಂಬರಿನಲ್ಲಿ ಷೇರು ಮತ್ತೆ ಮಾರುಕಟ್ಟೆಗೆ ಬಂತು. ಪವಾಡ ಎಂದರು ಜನ. ಸುಮ್ನೆ ಪವಾಡ ಎನ್ನುವುದಕ್ಕೆ ಮೊದಲು ಬೇರೆ ಲೆಕ್ಕವನ್ನೂ ನೋಡಬೇಕು. ಬ್ಯಾಂಕುಗಳು ಮತ್ತು ಸಾಲ ಕೊಟ್ಟ ಇತರರು 50 ಸಾವಿರ ಕೋಟಿ ಯೆನ್‌ಗೂ ಹೆಚ್ಚು ಸಾಲ ಬಿಟ್ಟುಕೊಟ್ಟಿದ್ದರು. ಸರ್ಕಾರದ ಬೆಂಬಲದ ಸಂಸ್ಥೆ 35 ಸಾವಿರ ಕೋಟಿ ಯೆನ್ ಬಂಡವಾಳ ಹಾಕಿತ್ತು. ಸುಮಾರು 16 ಸಾವಿರ ಜನ ಕೆಲಸ ಬಿಡಬೇಕಾಯಿತು. ಬಹುಪಾಲು ಜನ ಸ್ವಯಂ ನಿವೃತ್ತಿ ತೆಗೆದುಕೊಂಡರು ಅಥವಾ ಮಾರಿದ ಅಂಗಸಂಸ್ಥೆಗಳ ಜೊತೆ ಹೋದರು. ಕೊನೆಗೆ 2010ರ ಡಿಸೆಂಬರ್ 31ರಂದು 165 ಜನರನ್ನು ಕಂಪನಿಯೇ ತೆಗೆದುಹಾಕಿತು. 81 ಪೈಲಟ್‌ಗಳು, 84 ಗಗನಸಖಿಯರು ಮತ್ತು ಇತರ ಕ್ಯಾಬಿನ್ ಸಿಬ್ಬಂದಿ. ಜಪಾನಿನಲ್ಲಿ ಹೊಸ ವರ್ಷ ಮನೆಮಂದಿಯೆಲ್ಲ ಸೇರುವ ದೊಡ್ಡ ಹಬ್ಬ. ಅದರ ಹಿಂದಿನ ದಿನ ಅದು.

ಅವರಲ್ಲಿ ಹೆಚ್ಚಿನವರು ಕೋರ್ಟಿಗೆ ಹೋದರು. 2011ರಲ್ಲಿ ಇನಾಮೊರಿ ಸಾಕ್ಷಿಕಟ್ಟೆಗೆ ಬಂದರು. ಕಂಪನಿಯ ಹಣಕಾಸು ನೋಡಿದರೆ ಆ 165 ಜನರನ್ನು ಉಳಿಸಿಕೊಳ್ಳುವುದು ಅಸಾಧ್ಯವೇನೂ ಆಗಿರಲಿಲ್ಲ ಎಂದು ಅವರೇ ಒಪ್ಪಿಕೊಂಡರು. ಆದರೆ ಬ್ಯಾಂಕುಗಳಿಗೂ ಕೋರ್ಟಿಗೂ ಮಾತು ಕೊಟ್ಟ ಪುನಶ್ಚೇತನ ಯೋಜನೆಯನ್ನು ಮುರಿಯುವ ಹಾಗಿರಲಿಲ್ಲ ಎನ್ನುವುದು ಅವರ ವಾದ. ಕೋರ್ಟುಗಳು ಕಂಪನಿಯ ಕಡೆಗೇ ತೀರ್ಪು ಕೊಟ್ಟವು. 2015ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ನೌಕರರಿಗೆ ಗೆಲುವು ಸಿಗಲಿಲ್ಲ.

ಕಾನೂನು ಅಲ್ಲಿಗೆ ಮುಗಿಯಿತು. ನೀತಿಯ ಪ್ರಶ್ನೆ ಮುಗಿಯಲಿಲ್ಲ. 1961ರಲ್ಲಿ 11 ಹುಡುಗರ ಜೊತೆ ಮೂರು ದಿನ ಕೂತು ಮಾತಾಡಿದ ಅದೇ ಮನುಷ್ಯ ಇವರು. ಸಾಕ್ಷಿಕಟ್ಟೆಯಲ್ಲಿ ತಮಗೆ ಅನುಕೂಲವಲ್ಲದ ಸತ್ಯ ಹೇಳಿದ್ದೂ ಅವರೇ. ಅದಕ್ಕೆ ನನಗೆ ಅವರ ಮೇಲೆ ಗೌರವ ಜಾಸ್ತಿಯೇ ಆಗುತ್ತದೆ. ಆದರೆ ಉಳಿಸಬಹುದಿತ್ತು ಎಂದು ಗೊತ್ತಿದ್ದೂ ಉಳಿಸಲಿಲ್ಲ ಎನ್ನುವುದು ಮನಸ್ಸಿಗೆ ಚುಚ್ಚುತ್ತದೆ. ಉಳಿದ ಸುಮಾರು 32 ಸಾವಿರ ನೌಕರರ ಭವಿಷ್ಯ ಒಂದು ತಕ್ಕಡಿಯಲ್ಲಿ, 165 ಸಂಸಾರ ಇನ್ನೊಂದರಲ್ಲಿ. ನೀತಿಶಾಸ್ತ್ರದ ತರಗತಿಗೆ ಇದಕ್ಕಿಂತ ಒಳ್ಳೆಯ ಪಾಠ ಇದೆಯೇ? ದಾನಿಯ ಹೆಸರಿನ ಕಟ್ಟಡದಲ್ಲೇ ದಾನಿಯ ಈ ತೀರ್ಮಾನವನ್ನು ವಿದ್ಯಾರ್ಥಿಗಳು ಎತ್ತಿ ಕೇಳಲು ಆದರೆ, ಆ ಕೇಂದ್ರಕ್ಕೆ ಇಟ್ಟ ಹೆಸರು ಸಾರ್ಥಕ. ಕೇಳಲು ಹಿಂಜರಿದರೆ ಅದು ಬರೀ ಹೆಸರಿನ ಫಲಕ.

ಹೆಸರಿನ ವಿಷಯದಲ್ಲಿ ಇನಾಮೊರಿ ತೋರಿದ ಇನ್ನೊಂದು ದಾರಿಯೂ ಇದೆ. 1984ರಲ್ಲಿ ಅವರು ತಮ್ಮ ಸ್ವಂತ ಹಣದಿಂದ ಪ್ರತಿಷ್ಠಾನ ಕಟ್ಟಿ, 1985ರಿಂದ ದೊಡ್ಡದೊಂದು ಅಂತರರಾಷ್ಟ್ರೀಯ ಪ್ರಶಸ್ತಿ ಕೊಡಲು ಶುರು ಮಾಡಿದರು. ಅದಕ್ಕೆ ತಮ್ಮ ಹೆಸರಿಡಲಿಲ್ಲ, ಊರಿನ ಹೆಸರಿಟ್ಟರು: ಕ್ಯೋಟೊ ಪ್ರಶಸ್ತಿ. 2012ರಲ್ಲಿ ಸಾಹಿತ್ಯ ಚಿಂತಕಿ ಗಾಯತ್ರಿ ಚಕ್ರವರ್ತಿ ಸ್ಪಿವಾಕ್ ಅವರಿಗೆ, 2022ರಲ್ಲಿ ನಮ್ಮ ತಬಲಾ ಮಾಂತ್ರಿಕ ಝಾಕಿರ್ ಹುಸೇನ್ ಅವರಿಗೆ ಇದು ಬಂತು. ಯಾರೂ ಇನಾಮೊರಿ ಪ್ರಶಸ್ತಿ ಪಡೆದರು ಎಂದು ಹೇಳಲಿಲ್ಲ.

ಇದನ್ನು ಓದುವಾಗ ನನಗೆ ಬೆಂಗಳೂರು ನೆನಪಾಗುತ್ತದೆ. 1893ರಲ್ಲಿ ಜಪಾನಿನ ಯೊಕೊಹಾಮಾದಿಂದ ಕೆನಡಾದ ವ್ಯಾಂಕೂವರಿಗೆ ಹೊರಟ ಹಡಗಿನಲ್ಲಿ ಒಬ್ಬ ಉದ್ಯಮಿ ಮತ್ತು ಒಬ್ಬ ಸನ್ಯಾಸಿ ಒಟ್ಟಿಗೆ ಇದ್ದರು. ಜಮ್‌ಶೆಡ್‌ಜಿ ಟಾಟಾ ಮತ್ತು ಸ್ವಾಮಿ ವಿವೇಕಾನಂದ. ಐದು ವರ್ಷದ ನಂತರ, 1898ರ ನವೆಂಬರಿನಲ್ಲಿ ಟಾಟಾ ಆ ಪ್ರಯಾಣವನ್ನು ನೆನಪಿಸಿ ವಿವೇಕಾನಂದರಿಗೆ ಪತ್ರ ಬರೆದರು. ದೇಶದಲ್ಲಿ ವಿಜ್ಞಾನಕ್ಕೆ ಒಂದು ಸಂಸ್ಥೆ ಬೇಕು, ತ್ಯಾಗದ ಮನಸ್ಸಿರುವವರು ಮಠದಂಥ ನೆಲೆಗಳಲ್ಲಿ ಇದ್ದುಕೊಂಡು ವಿಜ್ಞಾನಕ್ಕೆ ಬದುಕು ಕೊಡಬೇಕು ಎನ್ನುವುದು ಅದರ ಸಾರ. ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು. ಟಾಟಾ ತಮ್ಮ ಹೆಸರು ಬೇಡ ಎಂದಿದ್ದರು. ಬೆಂಗಳೂರಿನ ಜನ ಮಾತ್ರ ಬಸ್ಸಿನಲ್ಲಿ ಇವತ್ತಿಗೂ "ಟಾಟಾ ಇನ್‌ಸ್ಟಿಟ್ಯೂಟ್ ಒಂದು ಕೊಡಿ" ಎಂದೇ ಟಿಕೆಟ್ ಕೇಳುತ್ತಾರೆ. ಕಲ್ಲಿನ ಮೇಲೆ ಕೆತ್ತಿಸದ ಹೆಸರು ಜನರ ಬಾಯಲ್ಲಿ ಉಳಿದಿದೆ.

ನಮ್ಮ ರಾಜ್ಯದಲ್ಲಿ ಘಟಿಕೋತ್ಸವ ಬಂತೆಂದರೆ ಗೌರವ ಡಾಕ್ಟರೇಟ್ ಚರ್ಚೆ ಶುರು. ರಾಜ್ಯದ ವಿಶ್ವವಿದ್ಯಾಲಯಗಳ ಪಟ್ಟಿಗೆ ಕುಲಾಧಿಪತಿಗಳಾದ ರಾಜ್ಯಪಾಲರ ಒಪ್ಪಿಗೆ ಬೇಕು. ಆದರೂ ಯಾಕೆ ಇವರಿಗೆ ಎನ್ನುವ ಕಾರಣ ಬಹಳ ಸಲ ಎರಡು ಸಾಲಿನ ಪ್ರಶಂಸೆಗೆ ಮುಗಿದುಹೋಗುತ್ತದೆ. 1965ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಗೆ ಗೌರವ ಡಾಕ್ಟರೇಟ್ ಕೊಟ್ಟಾಗ ಯಾರಿಗೂ ಕಾರಣ ವಿವರಿಸುವ ಅಗತ್ಯ ಬಿದ್ದಿರಲಿಕ್ಕಿಲ್ಲ. ಮಠದ ಅನ್ನದ ಸಾಲು, ಶಾಲೆಯ ಮಕ್ಕಳು ಕಣ್ಣೆದುರಿಗೇ ಇದ್ದರು. ಕಾಣುವ ಕೆಲಸ ಇಲ್ಲದ ಕಡೆ ವಿಶ್ವವಿದ್ಯಾಲಯ ಬಾಯಿ ಬಿಟ್ಟು ಹೇಳಬೇಕು: ಇವರ ಯಾವ ಕೆಲಸ ನೋಡಿ ಕೊಟ್ಟೆವು, ಇವರಿಂದ ನಮಗೆ ದುಡ್ಡು ಬಂದಿದೆಯೇ, ನಾಳೆ ಇವರನ್ನು ಪ್ರಶ್ನಿಸುವ ಸ್ವಾತಂತ್ರ್ಯ ನಮ್ಮ ಅಧ್ಯಾಪಕರಿಗೆ ಇದೆಯೇ. ಇಷ್ಟನ್ನು ಬರೆದು ಪ್ರಕಟಿಸುವುದಕ್ಕೆ ಹೊಸ ಕಾನೂನೇನೂ ಬೇಕಿಲ್ಲ.

ಇನಾಮೊರಿ 2022ರ ಆಗಸ್ಟ್ 24ರಂದು ಕ್ಯೋಟೊದಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಓದಿದ ಕಾಗೊಶಿಮಾ ವಿಶ್ವವಿದ್ಯಾಲಯದ ಆವರಣದಲ್ಲಿ 1994ರಲ್ಲಿ ಅವರು ಕಟ್ಟಿಸಿಕೊಟ್ಟ ಒಂದು ಸಭಾಂಗಣ ಇದೆ. ವಾಸ್ತುಶಿಲ್ಪಿ ತಡಾವೊ ಆಂಡೊ ವಿನ್ಯಾಸ ಮಾಡಿದ್ದು. ಒಳಗೆ ಮೊಟ್ಟೆಯಾಕಾರದ ದೊಡ್ಡ ಹಾಲ್. ಅದರ ಹೆಸರಿನಲ್ಲಿ ಕಿಮಿ ಮತ್ತು ಕೆಸಾ ಎಂಬ ಎರಡು ಪದ ಬರುತ್ತವೆ. ಕಿಮಿ ಅವರ ಅಮ್ಮ. ಪ್ರಿಂಟಿಂಗ್ ಕೆಲಸ ಮಾಡಿ ಮಗನನ್ನು ಓದಿಸಿದ ಕೆಸಾಇಚಿ ಅವರ ಅಪ್ಪ.